ಪಾವಡಿಯ ಪಡುವಣ ಸಾಲು

ನಮ್ಮ ಊರಿನ ಪಾವಡಿಯಲ್ಲಿ ಎರಡು ಸಾಲು ಮರಗಳಿದ್ದವು. ಮೂಡಲ ಕಡೆ ಬೇವು, ಪಡುವಣ ಕಡೆ ಹುಣಸೆ. ನಡುವೆ ಒಂದು ಬಂಡಿ ಹೋಗುವಷ್ಟು ಅಗಲದ ಗಟ್ಟಿ ಮಣ್ಣಿನ ನೆಲ. ನೇಕಾರರು ನೂಲನ್ನು ಉದ್ದಕ್ಕೆ ಬಿಡಿಸಿ ಗಂಜಿ ಹಾಕುವ ಜಾಗಕ್ಕೆ ನಮ್ಮ ಕಡೆ ಪಾವಡಿ ಎನ್ನುತ್ತಾರೆ. ಊರಿನ ಪಡುವಣ ಅಂಚಿನಲ್ಲಿ, ಉತ್ತರದ ದೊಡ್ಡ ರಸ್ತೆಯಿಂದ ದಕ್ಷಿಣದ ಹೊಲಗಳವರೆಗೆ ಅದು ನೇರವಾಗಿ ಚಾಚಿಕೊಂಡಿತ್ತು. ನಮ್ಮ ಬೀದಿ ಅದರ ನಡುಮಧ್ಯಕ್ಕೆ ಬಂದು ಸೇರುತ್ತಿತ್ತು.

ಹೋದ ರಜೆಯಲ್ಲಿ ನಿಮ್ಮಲ್ಲಿ ದೊಡ್ಡವಳು ಪಾಠ ಓದುತ್ತಿದ್ದಳು. ಕೆಲವು ದೇಶಗಳು ಮುಂದೆ ಹೋಗಿವೆ, ಕೆಲವು ಹಿಂದೆ ಉಳಿದಿವೆ, ಒಂದೇ ದೇಶದೊಳಗೂ ಹಾಗೆಯೇ, ಅದಕ್ಕೆ ಮಳೆ, ಮಣ್ಣು, ಗಣಿ, ರಸ್ತೆ, ವಿದ್ಯೆ ಎಂದು ಕಾರಣಗಳು. ಓದು ನಿಲ್ಲಿಸಿ, ತಿರುಪ್ಪೂರು ಇಷ್ಟು ದೊಡ್ಡದಾಯಿತಲ್ಲ ಅಜ್ಜಿ, ನಿಮ್ಮ ಊರು ಇದರಲ್ಲಿ ಯಾವ ಕಾರಣಕ್ಕೆ ಹಾಗೇ ಉಳಿಯಿತು ಎಂದು ಕೇಳಿದಳು. ನಾನು ಸೊಪ್ಪು ಬಿಡಿಸುತ್ತಾ ಕೂತೆ. ಮಾತಾಡುವುದು ನನಗೆ ಮೊದಲಿನಿಂದಲೂ ಬಾರದು, ಮೊಮ್ಮಕ್ಕಳ ಮುಂದೆಯೂ. ಬರೆಯುವುದು ಅಷ್ಟು ಕಷ್ಟವಲ್ಲ. ನನಗೆ ಬರೆಯಲು ಬರುವುದು, ತಮಿಳುನಾಡಿನ ಈ ಊರಿಗೆ ಮದುವೆಯಾಗಿ ಬರುವ ಮುಂಚೆ ಕೊಳ್ಳೇಗಾಲದ ಕಡೆಯ ಹಳ್ಳಿ ಶಾಲೆಯಲ್ಲಿ ಕಲಿತ ಕನ್ನಡ ಒಂದೇ. ನಿಮ್ಮ ಅಮ್ಮನಿಗೆ ಅದನ್ನು ಓದಲು ನಾನೇ ಕಲಿಸಿದ್ದೇನೆ. ಅವಳಿಂದ ಓದಿಸಿಕೊಳ್ಳಿ. ಇದರಲ್ಲಿ ಅವಳ ವಿಷಯವೂ ಇದೆ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಿಮ್ಮ ತಾತ ತೀರಿಕೊಂಡಿದ್ದರು. ಗುಂಡಿ ಮಗ್ಗದಲ್ಲಿ ಹಗಲೆಲ್ಲ ನಾನು, ನನ್ನ ಬೆನ್ನು ಹಿಡಿದುಕೊಂಡಾಗ ನಿಮ್ಮ ಅಮ್ಮ, ಹೀಗೆ ಸರದಿಯಲ್ಲಿ ಇಳಿಯುತ್ತಿದ್ದೆವು. ಧಾರಾಪುರದ ಸಾಹುಕಾರರು ನೂಲು ಕೊಡುತ್ತಿದ್ದರು, ಸೀರೆ ನೇಯ್ದು ಕೊಡುತ್ತಿದ್ದೆವು. ಬೀದಿಯ ಎಲ್ಲ ಮನೆಗಳ ಬದುಕೂ ಹೀಗೇ.

ಗಂಜಿ ಹಾಕುವ ಕೆಲಸ ನೀವು ನೋಡಿಲ್ಲ. ಸೀರೆಯ ಉದ್ದಕ್ಕೆ ಓಡುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಬರೀ ನೂಲು ಮಗ್ಗದ ಎಳೆತ ತಡೆಯದೆ ಕಿತ್ತುಹೋಗುತ್ತದೆ. ಅದಕ್ಕೇ ಅಕ್ಕಿ ಗಂಜಿ. ಹಿಂದಿನ ದಿನವೇ ಗಂಜಿ ಕಾಸಿ ಹುಳಿಗೆ ಬಿಡಬೇಕು. ಬೆಳಿಗ್ಗೆ ಸೋಸಿ ಸ್ವಲ್ಪ ಎಣ್ಣೆ ಬೆರೆಸಬೇಕು. ಬೆಳಕು ಬಿಡುವ ಹೊತ್ತಿಗೆ ಹಾಸಿನ ಉಂಡೆಯನ್ನು ಪಾವಡಿಗೆ ಹೊತ್ತು, ಬಿದಿರಿನ ಕತ್ತರಿಗಾಲುಗಳ ಮೇಲೆ ಉದ್ದಕ್ಕೆ ಬಿಡಿಸಿ, ಎರಡು ತುದಿಯ ಗೂಟಗಳಿಗೆ ಬಿಗಿದು, ಎಳೆಗಳು ಒಂದಕ್ಕೊಂದು ಸೇರದಂತೆ ನಡುನಡುವೆ ತೆಳು ಕಡ್ಡಿಗಳನ್ನು ತೂರಿಸಬೇಕು. ಆಮೇಲೆ ಗಂಜಿ ಚಿಮುಕಿಸುವುದು. ಮಾರುದ್ದದ ನಾರಿನ ಕುಂಚವನ್ನು ಇಬ್ಬರು ಎರಡೂ ಕಡೆಯಿಂದ ಹಿಡಿದು ಒಂದೇ ದಿಕ್ಕಿಗೆ ಎಳೆದುಕೊಂಡು ಹೋಗುವುದು. ಹಿಂದಕ್ಕೆ ಎಳೆದರೆ ಎಳೆಯ ನವಿರು ಏಳುತ್ತದೆ. ಉಳಿದವರು ಕಡ್ಡಿ ಸರಿಸುತ್ತಾ, ಕಿತ್ತ ಎಳೆಗಳನ್ನು ಬೆರಳಿನಿಂದ ಹೊಸೆದು ಕೂಡಿಸುತ್ತಾ ಹೋಗಬೇಕು. ಒಣಗುವವರೆಗೆ ಯಾರೂ ಕೈ ಬಿಡುವಂತಿಲ್ಲ. ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹಗ್ಗವಾಗುತ್ತವೆ.

ಇದಕ್ಕೆ ಹದಿನೈದು ಇಪ್ಪತ್ತು ಜನ ಬೇಕು. ಕೂಲಿ ಇಲ್ಲ. ಇವತ್ತು ನಿಮ್ಮ ಹಾಸಿನ ಕೆಲಸಕ್ಕೆ ನಾವು, ನಾಳೆ ನಮ್ಮ ಹಾಸಿನ ಕೆಲಸಕ್ಕೆ ನೀವು, ಇದೇ ಮುಯ್ಯಾಳು. ಇನ್ನೊಂದು ಕಟ್ಟಳೆ ಇತ್ತು. ಹಾಸು ಬಿಡಿಸಿರುವಾಗ ಪಾವಡಿಗೆ ಕತ್ತಿ, ಕತ್ತರಿ, ಕುಡುಗೋಲು ಯಾವುದನ್ನೂ ತರಬಾರದು. ಎಳೆಯ ತುದಿ ಹೆಚ್ಚಾದರೆ ಹಲ್ಲಿನಿಂದ ಕಡಿಯಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸಣ್ಣ ಚಾಕುವಿಗಾಗಿ ನನ್ನ ಅತ್ತೆ ಎಲ್ಲರ ಮುಂದೆ ನನ್ನನ್ನು ವಾಪಸು ಮನೆಗೆ ಕಳಿಸಿದ್ದರು.

ಆ ವರ್ಷ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಗಾಳಿಯಿಂದ ಕರೆಂಟು ತೆಗೆಯುವ ಯಂತ್ರದ ಕಂಪೆನಿಯವರು ಬಂದರು. ನಮ್ಮ ಪಡುವಣ ಹೊಲಗಳು ಮಳೆ ಇಲ್ಲದ ಮೇವಿನ ಹೊಲಗಳು. ಅವುಗಳನ್ನು ಕೊಂಡುಕೊಂಡವರು ಕೊಯಮತ್ತೂರಿನ ಹತ್ತಿರ ಪೆರಿಯನಾಯಕನಪಾಳ್ಯಂ ಕಡೆಯ ಒಂದು ನೂಲಿನ ಮಿಲ್ಲಿನವರು. ಯಂತ್ರ ನಿಲ್ಲಿಸಲು ಬಂದ ಇಂಜಿನಿಯರು ದಾವಣಗೆರೆ ಕಡೆಯ ಹುಡುಗ. ನಮ್ಮ ನೇಕಾರರ ಬೀದಿಯ ಮನೆಮಾತು ಕನ್ನಡ, ತಮಿಳು ಊರಿನಲ್ಲಿ ಅದನ್ನು ಕೇಳಿ ಅವನಿಗೆ ಬಹಳ ಖುಷಿಯಾಯಿತು. ನಮ್ಮ ಕನ್ನಡದಲ್ಲಿ ಮೂರು ಮಾತಿಗೆ ಒಂದು ತಮಿಳು ಸೇರಿರುತ್ತದೆ, ಅವನಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ನಗುತ್ತಿದ್ದ. ಮಜ್ಜಿಗೆ ಕೇಳಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದ.

ಯಂತ್ರದ ರೆಕ್ಕೆ ಹೊತ್ತ ಲಾರಿ ನಮ್ಮ ಬೀದಿಯ ಅರ್ಧದಷ್ಟು ಉದ್ದ. ಅದು ಊರೊಳಗೆ ತಿರುಗಲಾರದು. ಪಾವಡಿಯಲ್ಲಿ ನೇರವಾಗಿ ಹೋದರೆ ದಕ್ಷಿಣ ತುದಿಯಿಂದ ಪಡುವಣ ಹೊಲಗಳಿಗೆ ದಾರಿ ಸಿಗುತ್ತದೆ, ಆದರೆ ಒಂದು ಸಾಲು ಮರ ಹೋಗಬೇಕು. ಪಾವಡಿ ನಮ್ಮ ಹಿರಿಯರದು ಎಂದು ನಾವೆಲ್ಲ ತಿಳಿದಿದ್ದೆವು. ಕಾಗದದಲ್ಲಿ ನೋಡಿದರೆ ಅದು ಸರ್ಕಾರದ ಖಾಲಿ ಜಾಗ. ಬೇಡ ಎನ್ನಲು ನಮಗೆ ಕಾಲಿಡಲು ನೆಲವೇ ಇರಲಿಲ್ಲ. ಆ ಹುಡುಗ ಒಳ್ಳೆಯವನಾದ್ದರಿಂದ, ಯಾವ ಸಾಲು ಎಂದು ನೀವೇ ಹೇಳಿ, ನಾನು ಹಾಗೇ ಬರೆಯುತ್ತೇನೆ ಎಂದ. ಟಾರು ರಸ್ತೆ ಹಾಕಿಕೊಡುವುದಾಗಿಯೂ, ಚೌಡೇಶ್ವರಿ ಗುಡಿಗೆ ಸುತ್ತುಗೋಡೆ ಕಟ್ಟಿಸುವುದಾಗಿಯೂ ಕಂಪೆನಿ ಒಪ್ಪಿತು.

ಪಾವಡಿಯ ಪಕ್ಕದ ಆ ಗುಡಿಯ ಕಟ್ಟೆಯಲ್ಲಿ ಗಂಡಸರು ಕೂತರು. ಹೆಂಗಸರು ಬೇವಿನ ಹಿಂದೆ ನಿಂತೆವು. ಪಾವಡಿಯ ಯಜಮಾನರಿಗೆ ಆಗಲೇ ಎಪ್ಪತ್ತು ದಾಟಿತ್ತು. ಯಾರ ಹಾಸು ಯಾವ ದಿನ ಎಂದು ಸರದಿ ಹೇಳುವವರು ಅವರೇ. ಅವರು ಬಹಳ ಯೋಚಿಸಲಿಲ್ಲ.

"ನಮ್ಮ ಕೆಲಸ ಬೆಳಿಗ್ಗೆದು. ಬೆಳಿಗ್ಗೆ ಬಿಸಿಲು ಮೂಡಲಿಂದ. ಬೇವು ಇರಲಿ, ಹುಣಸೆ ಹೋಗಲಿ" ಎಂದರು.

ಎಲ್ಲರಿಗೂ ಅದು ಸರಿಯೆನ್ನಿಸಿತು. ಬಿಸಿಲು ನೇರ ಬಿದ್ದರೆ ಗಂಜಿ ಬೇಗ ಒಣಗಿ ಎಳೆ ಸಿಡಿಯುತ್ತದೆ, ನೆರಳಿಗೆ ನಾವು ಬೆಲೆ ಕೊಡುತ್ತಿದ್ದೆವು. ಸೂರ್ಯ ನೆತ್ತಿಗೆ ಬರುವ ಮುಂಚೆ ಹಾಸು ಸುತ್ತಿ ಮನೆಗೆ ಹೋಗುವ ಜನ ನಾವು, ಪಡುವಣ ಕಡೆ ಏನಿದೆ ಎಂದು ತಲೆಯೆತ್ತಿ ನೋಡಬೇಕಾಗಿಯೇ ಬಂದಿರಲಿಲ್ಲ. ಗಾಳಿ ಎಂದರೆ ಹುಣಸೆಯ ತಲೆಯ ಮೇಲೆ ಸದ್ದು ಮಾಡುವಂಥದ್ದು. ಅದು ಕೆಳಗೂ ಇಳಿಯಬಹುದೆಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ಆ ಇಂಜಿನಿಯರು ಬಂದದ್ದೇ ಗಾಳಿಗಾಗಿ. ಎರಡು ವರ್ಷ ಮುಂಚೆಯೇ ಹೊಲದಲ್ಲಿ ಕಂಬ ನೆಟ್ಟು ಗಾಳಿ ಅಳೆದುಕೊಂಡು ಹೋಗಿದ್ದರು. ಅವನಿಗೆ ಹಾಸು ಗೊತ್ತಿರಲಿಲ್ಲ, ನಮಗೆ ಗಾಳಿ ಗೊತ್ತಿರಲಿಲ್ಲ.

ಹುಣಸೆ ಮರಗಳೆಲ್ಲ ಬೀಳಲು ಒಂದು ವಾರ ಹಿಡಿಯಿತು. ಅಷ್ಟು ದಿನವೂ ಆ ಮರಗಳಲ್ಲಿದ್ದ ಗಿಳಿಗಳು ಬೀದಿಯ ಹೆಂಚುಗಳ ಮೇಲೆ ಕೂತು ಕಿರುಚಿದವು, ಎಂಟನೆಯ ದಿನ ಒಂದೂ ಇರಲಿಲ್ಲ. ಊರಿನಿಂದ ಪಡುವಣಕ್ಕೆ ನೋಡಿದರೆ ಬಯಲು, ಬಯಲಿನ ಆಚೆ ಬೆಟ್ಟಸಾಲು ಬಾಯಿಬಿಡುವ ಪಾಲಕ್ಕಾಡಿನ ಕಣಿವೆಯವರೆಗೂ ಏನೂ ಅಡ್ಡವಿಲ್ಲ ಎಂಬುದು ಆಗ ಗೊತ್ತಾಯಿತು. ನಿಮ್ಮ ಅಮ್ಮ ಜಗಲಿಯಲ್ಲಿ ನಿಂತು, ಬಾಗಿಲು ತೆಗೆದಿಟ್ಟ ಹಾಗಿದೆ ಅಲ್ವಾ ಅಮ್ಮಾ ಎಂದಳು. ನನಗೆ ಆ ಮಾತು ಹಿಡಿಸಲಿಲ್ಲ. ಒಳಗೆ ಹೋಗು ಎಂದೆ.

ಮುಂದಿನ ತಿಂಗಳು, ಮಾಸಿಯಲ್ಲಿ, ಅಡಿಪಾಯ ಹಾಕಿದರು. ಮದುಕ್ಕರೈ ಸಿಮೆಂಟಿನ ಲಾರಿಗಳು ಸಾಲಾಗಿ ಬಂದವು. ಕೆಲಸದವರು ಬಿಹಾರ, ಒಡಿಶಾ ಕಡೆಯವರು. ಅವರ ಊರಿನಿಂದ ನಮ್ಮ ಊರಿಗೆ ಕೂಲಿಗೆ ಬಂದಿದ್ದಾರೆ ಎಂಬುದೇ ನಮಗೆ ಆಶ್ಚರ್ಯ, ಏಕೆಂದರೆ ನಮ್ಮ ಊರಿನವರು ಆಗಲೇ ಕೂಲಿಗೆ ಬೇರೆ ಕಡೆ ನೋಡುತ್ತಿದ್ದರು. ಕಂಬಗಳು ನಿಂತವು. ಆದರೆ ಒಂದು ಯಂತ್ರಕ್ಕೆ ಬೇಕಾದ ಯಾವುದೋ ಬಿಡಿಭಾಗ ಬರಲಿಲ್ಲವೆಂದು ಅದು ಬೋಳಾಗಿಯೇ ನಿಂತಿತ್ತು. ಅದು ಬೇರೆ ದೇಶದಿಂದ ಹಡಗಿನಲ್ಲಿ ಬರಬೇಕು, ಜೋಡಿಸಲು ಅಲ್ಲಿಂದಲೇ ಒಬ್ಬ ಬರಬೇಕು ಎಂದ ಇಂಜಿನಿಯರು. ಅಲ್ಲಿ ನಮಗಿಂತ ಹೆಚ್ಚು ಗಾಳಿಯೇ ಎಂದು ಕೇಳಿದೆ. ಅದು ನಾನು ಅವನನ್ನು ಕೇಳಿದ ಮೊದಲ ಪ್ರಶ್ನೆ.

"ಗಾಳಿ ಎಲ್ಲ ಕಡೆ ಇದೆಯಮ್ಮ. ಹಿಡಿಯೋ ಯಂತ್ರ ಮೊದಲು ಮಾಡಿದವರು ಅವರು. ಕೆಟ್ಟರೆ ನಾವು ಅವರನ್ನೇ ಕರೀಬೇಕು, ಅವರು ಹೇಳಿದ ದಿನಕ್ಕೆ ಕಾಯಬೇಕು."

ಈ ಕರೆಂಟು ನಮ್ಮ ಬೀದಿಗೆ ಬರುತ್ತದೆಯೇ ಎಂದೂ ಕೇಳಿದೆ. ಆಗ ದಿನಕ್ಕೆ ಎಷ್ಟೋ ಹೊತ್ತು ಕರೆಂಟು ಹೋಗುತ್ತಿತ್ತು. ಅವನು ಲೋಟ ಕೆಳಗಿಟ್ಟು, ಅದು ದೊಡ್ಡ ತಂತಿಯಲ್ಲಿ ಹೋಗುತ್ತದೆ, ಲೆಕ್ಕಕ್ಕೆ ಮಿಲ್ಲಿನವರದು, ಅವರು ಅಲ್ಲಿ ಇಳಿಸಿಕೊಳ್ಳುತ್ತಾರೆ ಎಂದು ವಿವರಿಸಿದ. ತನ್ನ ಊರಿನ ಪಕ್ಕದಲ್ಲೇ ದೊಡ್ಡ ಕಾಲುವೆ ಹರಿಯುತ್ತದೆ, ಅದರ ನೀರು ಮುಂದಿನ ಊರುಗಳಿಗೆ, ತನ್ನ ಅಮ್ಮ ಇನ್ನೂ ಕೈಪಂಪು ಒತ್ತುತ್ತಾರೆ ಎಂದ. ಮಿಲ್ಲು ನಮ್ಮ ಗಾಳಿಯಲ್ಲಿ ನೂಲು ತೆಗೆಯುತ್ತದೆ, ಆ ನೂಲು ಸಾಹುಕಾರರ ಕೈಯಿಂದ ನಮ್ಮ ಬೀದಿಗೇ ಬರಬಹುದು ಎಂದು ನಾನು ಆಮೇಲೆ ಮಗ್ಗದಲ್ಲಿ ಕೂತು ಯೋಚಿಸಿದೆ. 

ಅದರ ಮುಂದಿನ ತಿಂಗಳು, ಪಂಗುಣಿ ಮುಗಿಯುವುದರೊಳಗೆ ರೆಕ್ಕೆಗಳು ತಿರುಗಿದವು. ಸಂಜೆ ಸೂರ್ಯ ಅವುಗಳ ಹಿಂದೆ ಇಳಿಯುವಾಗ ರೆಕ್ಕೆಯ ನೆರಳು ನಮ್ಮ ಗೋಡೆಯ ಮೇಲೆ ಒಂದಾದಮೇಲೊಂದು ಹಾದುಹೋಗುತ್ತಿತ್ತು. ಮಗ್ಗದ ಮೇಲೆಯೂ ಹಾಯುತ್ತಿತ್ತು. ಲಾಳಿ ಎಸೆಯುವ ಕೈಗೆ ಆ ನೆರಳಿನ ಲಯವೇ ಬಂದು ಸೇರುತ್ತಿತ್ತು. ಬೇಡವೆಂದು ನಾನು ಆ ಹೊತ್ತಿಗೆ ಮಗ್ಗ ಬಿಟ್ಟು ಏಳತೊಡಗಿದೆ.

ಟಾರು ರಸ್ತೆ ಆದ ಮೇಲೆ ಅದರಲ್ಲಿ ಮೊದಲು ಬಂದದ್ದು ಊರೂರಿನಿಂದ ಕೆಲಸದವರನ್ನು ಕರೆದೊಯ್ಯುವ ತಿರುಪ್ಪೂರಿನ ಬನಿಯನ್ ಕಂಪೆನಿಯ ವ್ಯಾನು. ಅಲ್ಲಿಯವರೆಗೂ ಅದು ದೊಡ್ಡ ರಸ್ತೆಯಲ್ಲೇ ಹಾದುಹೋಗುತ್ತಿತ್ತು. ಈಗ ಬೀದಿ ಪಾವಡಿಗೆ ಸೇರುವ ಜಾಗದಲ್ಲೇ ನಿಂತು ಹಾರನ್ನು ಹೊಡೆಯುತ್ತಿತ್ತು. ಮೊದಲು ಹೊರಟವಳು ನಮ್ಮ ಎದುರುಮನೆಯವಳು. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಕುಂಚ ಎಳೆಯುವುದರಲ್ಲಿ ಬೀದಿಗೇ ಗಟ್ಟಿ ಕೈ. "ಗಂಡ ಮಗ್ಗ ನೋಡ್ಕೊಳ್ಲಿ ಅಕ್ಕಾ, ನಾನು ಫ್ಯಾನ್ ಕೆಳಗೆ ಕೂತು ಬರ್ತೀನಿ" ಎಂದು ನಗಾಡಿಕೊಂಡು ಹೋದಳು. ವಾರ ಕಳೆಯುವಷ್ಟರಲ್ಲಿ ಇನ್ನೂ ಇಬ್ಬರು ಅವಳೊಂದಿಗೆ ಹೋದರು.

ಮುಂಗಾರಿನ ಜೊತೆ, ವೈಕಾಸಿಯ ಕೊನೆಗೆ, ಗಾಳಿ ಬಂತು.

ಮೊದಲ ದಿನ ಬಿಡಿಸಿದ್ದು ಯಜಮಾನರ ಮನೆಯ ಹಾಸು. ಗಂಜಿ ಚಿಮುಕಿಸಿ ಕುಂಚ ಒಂದು ಸುತ್ತು ಹೋಗಿತ್ತು. ಪಡುವಣ ಬಯಲಿನಿಂದ ಒಂದು ಬೀಸು ಅಡ್ಡಲಾಗಿ ಬಂತು. ಹಾಸು ಇಡಿಯಾಗಿ ಬೇವಿನ ಕಡೆಗೆ ಹೊಟ್ಟೆ ಉಬ್ಬಿಸಿಕೊಂಡು ವಾಲಿತು. ಕಡ್ಡಿಗಳು ಒಂದೊಂದಾಗಿ ಜಾರಿದವು. ಹಿಡಿಯಲು ಹೋದರೆ ಒದ್ದೆ ಎಳೆಗಳು ಕೈಗೇ ಅಂಟಿದವು. ಒಂದು ಗಳಿಗೆ ಗಾಳಿ ನಿಂತಿತು, ಆಮೇಲೆ ಮರಳು ಸಮೇತ ಬಂತು. ಆ ಹಾಸಿನಲ್ಲಿ ಏನೂ ಉಳಿಯಲಿಲ್ಲ. ಯಜಮಾನರು ಪಡುವಣಕ್ಕೆ ಮುಖ ಮಾಡಿ ನಿಂತೇ ಇದ್ದರು. ಆಚೆ ಹೊಲದಲ್ಲಿ ರೆಕ್ಕೆಗಳು ಚೆನ್ನಾಗಿ ತಿರುಗುತ್ತಿದ್ದವು. ನಾವು ಯಾವ ಸಾಲು ಕೊಟ್ಟೆವು ಎಂಬುದು ಆಗ ಎಲ್ಲರಿಗೂ ಒಟ್ಟಿಗೇ ತಿಳಿಯಿತು. 

ಆಮೇಲೆ ನಾವು ಮಾಡದ ಪ್ರಯತ್ನವಿಲ್ಲ. ಕತ್ತಲಿರುವಾಗಲೇ ಶುರು ಮಾಡಿ ನೋಡಿದೆವು. ಎಳೆ ಕಾಣದೆ ಕಿತ್ತದ್ದೇ ಹೆಚ್ಚು. ತೆಂಗಿನ ಗರಿಯ ತಟ್ಟಿಗಳನ್ನು ಹೆಣೆದು ಹುಣಸೆಯಿದ್ದ ಸಾಲಿಗೆ ನಿಲ್ಲಿಸಿದೆವು. ಎರಡು ದಿನ ನಿಂತವು, ಮೂರನೆಯ ದಿನ ಹಾಸಿನ ಮೇಲೇ ಬಿದ್ದವು. ಗಂಜಿ ದಪ್ಪ ಮಾಡಿದರೆ ಎಳೆ ಕಡ್ಡಿಯಾಗಿ ಮಗ್ಗದಲ್ಲಿ ಮುರಿಯಿತು, ತೆಳು ಮಾಡಿದರೆ ಎಳೆಗೆ ಹಿಡಿಯುವ ಮುಂಚೆಯೇ ಗಾಳಿಗೆ ಒಣಗಿತು. ಹುಣಸೆ ಸಸಿ ನೆಟ್ಟವರೂ ಇದ್ದಾರೆ. ಅದು ಆ ಎತ್ತರಕ್ಕೆ ಬರಲು ಎಷ್ಟು ಕಾಲ ಬೇಕೆಂದು ನೆಟ್ಟವರಿಗೂ ಗೊತ್ತಿತ್ತು.

ಮರುತಿಂಗಳು, ಆನಿಯಲ್ಲಿ, ನಾನೂ ನಿಮ್ಮ ಅಮ್ಮನೂ ಪಲ್ಲಡಂ ಕಡೆಯ ಗಂಜಿ ಮಿಲ್ಲಿಗೆ ಹೋದೆವು. ಪವರ್‌ಲೂಮಿನ ಹಾಸುಗಳಿಗೆ ಅಲ್ಲಿ ಯಂತ್ರದಲ್ಲಿ ಗಂಜಿ ಹಾಕುತ್ತಾರೆ. ನಮ್ಮ ಕೈಮಗ್ಗದ ಹಾಸುಗಳಿಗೂ ಹಾಕಿಕೊಡುವಿರಾ ಎಂದು ಬಾಗಿಲಲ್ಲಿ ನಿಂತು ನಿಮ್ಮ ಅಮ್ಮನೇ ತಮಿಳಿನಲ್ಲಿ ಕೇಳಿದಳು. ಮ್ಯಾನೇಜರು ಮರ್ಯಾದೆಯವರೇ, ಕೂರಿಸಿ ನೀರು ಕೊಡಿಸಿದರು. "ನಿಮ್ಮ ಒಂದು ಹಾಸು ಯಂತ್ರದ ಬಾಯಿ ಒದ್ದೆ ಮಾಡೋಕೂ ಸಾಲೋದಿಲ್ಲ ಅಮ್ಮಣಿ. ಇಡೀ ಬೀದಿ ಸೇರಿ ಒಂದೇ ಬಣ್ಣ, ಒಂದೇ ನೂಲು ತಂದರೆ ಹಾಕಿಸ್ತೀನಿ" ಎಂದರು. ನಮ್ಮ ಬೀದಿಯಲ್ಲಿ ಒಂದು ಮನೆಯ ಸೀರೆ ಇನ್ನೊಂದು ಮನೆಯ ಸೀರೆಯಂತೆ ಇರಬಾರದು ಎಂದೇ ಸಾಹುಕಾರರು ನೂಲು ಕೊಡುತ್ತಿದ್ದದ್ದು. ಅದರಿಂದಲೇ ನಮ್ಮ ಸೀರೆಗೆ ಬೆಲೆ. ಬಸ್ಸಿನಲ್ಲಿ ವಾಪಸು ಬರುವಾಗ ನಿಮ್ಮ ಅಮ್ಮ ಕಿಟಕಿಯಿಂದ ಗಾಳಿ ಯಂತ್ರಗಳನ್ನು ಎಣಿಸುತ್ತಿದ್ದಳು. ಊರು ಬರುವವರೆಗೆ ಎಣಿಕೆ ಮುಗಿಯಲಿಲ್ಲ.

ಆಷಾಢ, ನಮ್ಮ ಕಡೆಯ ಆಡಿ ತಿಂಗಳು, ಬರುವ ಹೊತ್ತಿಗೆ ಸಾಹುಕಾರರು ಅರ್ಧ ಬೀದಿಗೆ ನೂಲು ನಿಲ್ಲಿಸಿದ್ದರು. ನನಗೆ ಮಾತ್ರ ಒಂದು ಹಾಸು ಬಂತು. ಎಂಟು ಸೀರೆಯದು, ಅರಿಶಿನದ ಒಡಲು, ಕೆಂಪು ಅಂಚು, ಯಾರದೋ ಮದುವೆಗೆ ಹೇಳಿದ್ದು. ಇದನ್ನು ಸರಿಯಾಗಿ ಕೊಡು ಅಮ್ಮಣಿ, ಮುಂದೆಯೂ ಕೊಡೋಣ, ಇಲ್ಲವಾದರೆ ನಾನೂ ಬೇರೆ ಊರು ನೋಡಿಕೊಳ್ಳಬೇಕು ಎಂದು ಹೇಳಿ ಕಳಿಸಿದ್ದರು.

ಆ ದಿನ ಊಟದ ಹೊತ್ತಿಗೆ ನಿಮ್ಮ ಅಮ್ಮ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು. ಅವಳಿಗೆ ಆಗ ಹತ್ತೊಂಬತ್ತು. ಎದುರುಮನೆಯವಳು ಅವಳ ಹೆಸರನ್ನು ಕಂಪೆನಿಯಲ್ಲಿ ಹೇಳಿಯಾಗಿತ್ತು.

"ಈ ಹಾಸು ಇಡಿಯಾಗಿ ಮನೆಗೆ ಬಂದ್ರೆ ನಾನು ಎಲ್ಲೂ ಹೋಗಲ್ಲಮ್ಮ. ಬರ್ಲಿಲ್ಲಾಂದ್ರೆ ನನ್ನ ತಡೀಬೇಡ."

ತಡೆಯುವುದಿಲ್ಲ ಎಂದೆ. ತಡೆಯಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ. ಅವಳಿಗೆ ಮಗ್ಗ ಇಷ್ಟವಿಲ್ಲ ಎಂದು ನೀವು ತಿಳಿಯಬಾರದು. ಅಂಚಿಗೆ ಕೆಂಪು ಎಳೆ ಜೋಡಿಸುವಾಗ ಅವಳು ಹಾಡಿಕೊಳ್ಳುತ್ತಿದ್ದಳು.

ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ತೊಲೆಗೆ ಕಟ್ಟಿ ಗಾಳಿ ತಗ್ಗುವವರೆಗೆ ಕಾದೆವು. ಆಡಿ ಮುಗಿಯಿತು, ಆವಣಿ ಮುಗಿಯಿತು. ಕಾದಷ್ಟು ಕಾಲವೂ ಬೀದಿಯಿಂದ ಒಬ್ಬೊಬ್ಬರೇ ವ್ಯಾನಿಗೆ ಹೋಗುತ್ತಿದ್ದರು. ಒಂದೊಂದೇ ಮನೆಯಲ್ಲಿ ಮಗ್ಗದ ಸದ್ದು ನಿಲ್ಲುತ್ತಿತ್ತು. ಮೊದಮೊದಲು ಯಾವ ಮನೆ ಎಂದು ಕಿವಿಯಿಂದಲೇ ಹೇಳಬಹುದಿತ್ತು. ಆಮೇಲೆ ಇನ್ನೂ ಯಾವ ಮನೆಯಲ್ಲಿ ಸದ್ದಿದೆ ಎಂದು ಹೇಳುವುದು ಸುಲಭವಾಯಿತು.

ನವರಾತ್ರಿಯ ಹೊತ್ತಿಗೆ, ಪುರಟ್ಟಾಸಿಯ ನಡುವೆ, ಗಾಳಿ ತಗ್ಗಿತು. ಬೇವಿನ ಎಲೆ ಅಲುಗದ ಬೆಳಗುಗಳು ಬಂದವು. ಆದರೆ ವಾರದ ದಿನಗಳಲ್ಲಿ ಬೀದಿಯಲ್ಲಿ ಕೈಗಳಿರಲಿಲ್ಲ. ನಾನು ಮನೆಮನೆಗೆ ಹೋಗಿ, ಭಾನುವಾರ ಬೆಳಿಗ್ಗೆ ಒಂದು ಹೊತ್ತು ಬನ್ನಿ ಎಂದು ಕೇಳಿದೆ. ನನ್ನ ಬಾಯಿಂದ ಅಷ್ಟು ಮಾತು ಬಂದದ್ದೇ ಅವರಿಗೆ ಸೋಜಿಗವಾಗಿರಬೇಕು. ಎಲ್ಲರೂ ಒಪ್ಪಿದರು. "ನೀನು ಕೇಳಿ ಇಲ್ಲಾನ್ನೋದಾ ಅಕ್ಕಾ, ನನ್ನ ಕುಂಚಾನೂ ತರ್ತೀನಿ" ಎಂದಳು ಎದುರುಮನೆಯವಳು.

ಭಾನುವಾರ ಬೆಳಕು ಹರಿಯುವಾಗ ಹಾಸು ಬಿಡಿಸಿದೆವು. ಮಣ್ಣಿನ ನೆಲ ಈಗ ಟಾರು. ಗೂಟ ಊರಲು ರಸ್ತೆಯ ಎರಡು ತುದಿಯಲ್ಲಿ ಮಾತ್ರ ಮಣ್ಣು ಉಳಿದಿತ್ತು. ಹಾಸು ರಸ್ತೆಯ ನಡುವೆಯೇ ಉತ್ತರದಿಂದ ದಕ್ಷಿಣಕ್ಕೆ ಚಾಚಿಕೊಂಡಿತು. ಬೆಳಗಿನ ಬೆಳಕಿನಲ್ಲಿ ಆ ಅರಿಶಿನದ ಬಣ್ಣ ನೋಡಿ ಯಜಮಾನರು, ಮದುಮಗಳು ಮಲಗಿದ ಹಾಗಿದೆ ಎಂದರು. ಎಲ್ಲರೂ ಬಂದಿದ್ದರು. ಗಂಜಿ ಬಿತ್ತು. ಕುಂಚಗಳು ಉತ್ತರದಿಂದ ದಕ್ಷಿಣಕ್ಕೆ ಒಂದು ಸಲ ಹೋದವು, ಎರಡು ಸಲ ಹೋದವು. ಎದುರುಮನೆಯವಳು ಕಂಪೆನಿಯ ಸೂಪರ್‌ವೈಸರ್ ಹೇಗೆ ಕೈಗಡಿಯಾರ ನೋಡುತ್ತಾನೆ ಎಂದು ಅಣಕಿಸಿ ತೋರಿಸಿದಳು. ಬಹಳ ದಿನದ ಮೇಲೆ ಪಾವಡಿಯಲ್ಲಿ ನಗು ಕೇಳಿಸಿತು. ನಾನು ನಿಮ್ಮ ಅಮ್ಮನ ಮುಖ ನೋಡಿದೆ. ಅವಳೂ ನಗುತ್ತಿದ್ದಳು.

ಆಗ ಹಾರನ್ನು ಕೇಳಿಸಿತು.

ಭಾನುವಾರ ವ್ಯಾನು ಬರುವುದಿಲ್ಲ. ಅದಕ್ಕೇ ಭಾನುವಾರ ಆರಿಸಿದ್ದು. ವ್ಯಾನು ಊರ ಒಳಗಿನಿಂದ, ಹಿಂದಿನ ಕೇರಿಯವರನ್ನು ಹತ್ತಿಸಿಕೊಂಡು, ನಮ್ಮ ಬೀದಿಯಲ್ಲಿ ಬಂದು ಪಾವಡಿಯ ಬಾಯಲ್ಲಿ ನಿಂತಿತು. ಡ್ರೈವರ್ ಇಳಿದು ಬಂದ. ನಮ್ಮ ಪಕ್ಕದ ಊರಿನವನೇ, ಕೆಟ್ಟವನಲ್ಲ. ಶನಿವಾರ ಸಂಜೆಯ ನಂತರ ಮೇಲಿನಿಂದ ಹೇಳಿದರಂತೆ, ಮಾಲು ಮುಗಿಯಬೇಕು, ಹಡಗಿಗೆ ಹೋಗುವ ಲಾರಿ ಬಂದು ನಿಂತಿದೆ, ಇವತ್ತು ಬಾರದವರು ನಾಳೆಯೂ ಬರುವುದು ಬೇಡ.

"ನನ್ನ ಕೈಲಿ ಏನಿಲ್ಲ ಅಕ್ಕಾ. ಮಾಲು ಕೊಳ್ಳೋ ದೇಶದವರು ಭಾನುವಾರ ಅಂತ ನೋಡೋದಿಲ್ಲ" ಎಂದ.

ಕೈಗಳು ನಿಂತವು. ಒಬ್ಬಳು ಕಡ್ಡಿಯನ್ನು ಕೆಳಗಿಟ್ಟಳು. ಇನ್ನೊಬ್ಬಳು ಸೆರಗಿನಲ್ಲಿ ಗಂಜಿ ಒರೆಸಿ ವ್ಯಾನಿನ ಕಡೆ ನಡೆದಳು. ಮುಖ ತಿರುಗಿಸದೆ ಹೋದಳು. ಎದುರುಮನೆಯವಳು ಕುಂಚ ಹಿಡಿದೇ ನನ್ನ ಹತ್ತಿರ ಬಂದಳು. ಅವಳಿಗೆ ಶಾಲೆಗೆ ಹೋಗುವ ಮಕ್ಕಳು ಇದ್ದರು, ಗಂಡನ ಮಗ್ಗ ಆಗಲೇ ಬಿಚ್ಚಿಯಾಗಿತ್ತು.

"ಅಕ್ಕಾ, ಹೋಗ್ಲಾ?" ಎಂದಳು.

ಹೋಗು ಎಂದೆ.

ಉಳಿದವರು ಏಳು ಜನ. ಯಜಮಾನರು, ಅವರ ಹೆಂಡತಿ, ಕಣ್ಣು ಮಂಜಾದ ಇನ್ನೂ ಮೂವರು ಹಿರಿಯರು, ನಾನು, ನಿಮ್ಮ ಅಮ್ಮ. ಕುಂಚ ಎಳೆಯುವ ಬಲ ಇದ್ದದ್ದು ನಮ್ಮಿಬ್ಬರಿಗೇ. ನಾವು ದಕ್ಷಿಣ ತುದಿ ಮುಟ್ಟಿ ಉತ್ತರಕ್ಕೆ ಓಡಿಬರುವಷ್ಟರಲ್ಲಿ ಉತ್ತರದ ಎಳೆಗಳು ಬಿಗಿಯತೊಡಗಿದ್ದವು. ಬೆರಳಿಟ್ಟರೆ ಐದಾರು ಎಳೆ ಒಟ್ಟಿಗೆ ಏಳುತ್ತಿದ್ದವು. ಟಾರು ಕೆಳಗಿನಿಂದ ಬೆಚ್ಚಗಾಗುತ್ತಿತ್ತು. ವ್ಯಾನು ಉತ್ತರದ ದೊಡ್ಡ ರಸ್ತೆಗೆ ಹೋಗಬೇಕು, ಬೀದಿಯಲ್ಲಿ ಅದನ್ನು ತಿರುಗಿಸಲು ಜಾಗವಿಲ್ಲ, ದಾರಿಯಲ್ಲಿ ನನ್ನ ಹಾಸು. ಡ್ರೈವರ್ ಹಾರನ್ನು ಹೊಡೆಯಲಿಲ್ಲ, ಕೈಕಟ್ಟಿ ನಿಂತಿದ್ದ. ವ್ಯಾನಿನ ಕಿಟಕಿಗಳಲ್ಲಿ ನನಗೆ ಗೊತ್ತಿರುವ ಎಲ್ಲ ಮುಖಗಳೂ ಇದ್ದವು, ಒಂದೂ ನನ್ನ ಕಡೆ ನೋಡುತ್ತಿರಲಿಲ್ಲ.

ಇಡೀ ಹಾಸನ್ನು ಹಿಡಿದು ಕೂತರೆ ಇಡೀ ಹಾಸೂ ಹೋಗುತ್ತದೆ. ಇದು ನನಗೆ ತಿಳಿದದ್ದು ಯೋಚಿಸಿ ಅಲ್ಲ. ಕಾಲು ಆಗಲೇ ಮನೆಯ ಕಡೆ ಓಡುತ್ತಿತ್ತು. ಅಡುಗೆಮನೆಯ ಚಾಕು ತಂದೆ.

ಅದನ್ನು ನೋಡಿ ಯಜಮಾನರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದರು. ಯಜಮಾನರು ನನ್ನ ಮುಂದೆ ಬಂದು ನಿಂತರು.

"ಪಾವಡಿಯಲ್ಲಿ ಹಾಸಿನ ಮೇಲೆ ಕತ್ತಿ ಇಡ್ತೀಯಾ ಅಮ್ಮಣಿ?"

"ಅರ್ಧ ಉಳಿಸ್ತೀನಿ ಮಾಮಾ. ದಾರಿ ಬಿಡಿ."

ಅಷ್ಟು ಗಟ್ಟಿಯಾಗಿ ನಾನು ಅವರ ಮುಂದೆ ಎಂದೂ ಮಾತಾಡಿರಲಿಲ್ಲ. ನಡುವೆ ಕತ್ತರಿಸಿಬಿಟ್ಟರೆ ಬಿಗಿ ತಪ್ಪಿ ದಕ್ಷಿಣದ ಅರ್ಧವೂ ಕುಸಿಯುತ್ತದೆ. ಮೊದಲು ಎರಡು ಬಿದಿರುಗಳ ನಡುವೆ ಎಳೆಗಳನ್ನು ಸಿಕ್ಕಿಸಿ, ಹುರಿಯಿಂದ ಬಿಗಿದು ಕಟ್ಟಬೇಕು. ಅಲ್ಲಿ ಗೂಟ ಊರಲು ಮಣ್ಣಿಲ್ಲ. ಯಾರಾದರೂ ಹಿಡಿಯಬೇಕು. ನಿಮ್ಮ ಅಮ್ಮ ಹುರಿ ಸುತ್ತತೊಡಗಿದಳು. ಯಜಮಾನರು ಮೇಲುವಸ್ತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು, ಆ ಬಿದಿರನ್ನು ತಮ್ಮ ಎದೆಗೆ ಅಡ್ಡ ಹಿಡಿದು ಹಿಂದಕ್ಕೆ ವಾಲಿದರು. ಇಬ್ಬರು ಹಿರಿಯರು ಅವರ ಎರಡೂ ಪಕ್ಕ ಹಿಡಿದರು.

ನಾನು ಕತ್ತರಿಸಿದೆ. ಒದ್ದೆ ನೂಲು ಕತ್ತರಿಸುವಾಗ ಸದ್ದು ಬರುವುದಿಲ್ಲ. ಉತ್ತರದ ಅರ್ಧ ರಸ್ತೆಯ ಮೇಲೆ ಬಿತ್ತು. ಅದನ್ನು ಹುಣಸೆಯ ಬುಡಗಳಿದ್ದ ಕಡೆಗೆ ಎಳೆದು ಹಾಕಿದೆ. ವ್ಯಾನು ನಿಧಾನವಾಗಿ ಹಾದುಹೋಯಿತು. ಅದರ ಚಕ್ರಕ್ಕೆ ಒಂದಷ್ಟು ಹಳದಿ ಎಳೆಗಳು ಸುತ್ತಿಕೊಂಡು ದೊಡ್ಡ ರಸ್ತೆಯವರೆಗೂ ಹೋದವು.

ದಕ್ಷಿಣದ ಅರ್ಧವನ್ನು ನಾವು ಒಣಗುವವರೆಗೆ ಬಿಡಲಿಲ್ಲ. ಯಜಮಾನರ ಎದೆಯ ಮೇಲೆ ಬಿದಿರಿನ ಗೆರೆ ಬಹಳ ದಿನ ಇತ್ತು. ಅದು ನಮ್ಮ ಪಾವಡಿಯಲ್ಲಿ ಬಿಡಿಸಿದ ಕೊನೆಯ ಹಾಸು. ಬೇವಿನ ಸಾಲು ಈಗಲೂ ಇದೆ, ನೀವು ನೋಡಿದ್ದೀರಿ. ಅದರ ನೆರಳಿನಲ್ಲಿ ಈಗ ವ್ಯಾನುಗಳು ನಿಲ್ಲುತ್ತವೆ. ಗಾಳಿಯ ತಿಂಗಳುಗಳಲ್ಲಿ ಬೀದಿಯ ಪಡುವಣ ಗೋಡೆಗಳು ರಾತ್ರಿಯೆಲ್ಲ ಹುಯ್ಯಲಿಡುತ್ತವೆ.

ಪಾಠದಲ್ಲಿ ಬರೆದದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ರಸ್ತೆ ಬಂದದ್ದರಿಂದಲೇ ನಿಮ್ಮ ಅಮ್ಮ ತಿರುಪ್ಪೂರು ಸೇರಿದಳು, ಮನೆ ಮಾಡಿದಳು, ನೀವು ಅಲ್ಲಿಯ ಶಾಲೆಗೆ ಹೋಗುತ್ತಿದ್ದೀರಿ. ಅದೇ ರಸ್ತೆಯಲ್ಲಿ ನಮ್ಮ ಬೀದಿ ಹೊರಟುಹೋಯಿತು. ಗಾಳಿ ನಮ್ಮದೇ ಹೊಲದ ಮೇಲೆ ಬೀಸುತ್ತದೆ. ಅದನ್ನು ಹಿಡಿಯುವ ಯಂತ್ರ, ಅದು ಹೋಗುವ ತಂತಿ, ನೆಲದ ಕಾಗದ, ಹಡಗು ಹೊರಡುವ ದಿನ, ಯಾವುದೂ ನಮ್ಮ ಕೈಯಲ್ಲಿರಲಿಲ್ಲ. ನಮ್ಮ ಕೈಗೆ ಬಿಟ್ಟದ್ದು ಯಾವ ಸಾಲು ಕಡಿಯಬೇಕು ಎಂಬ ಒಂದೇ ಮಾತು, ಅದರಲ್ಲೂ ನಾವು ತಪ್ಪಿದೆವು. ದೊಡ್ಡವಳು ಕೇಳಿದ್ದಕ್ಕೆ ನನಗೆ ತಿಳಿದಿರುವುದು ಇಷ್ಟೇ.

ಮಾತಿನ ಪ್ರಕಾರ ಹಾಸು ಇಡಿಯಾಗಿ ಮನೆಗೆ ಬರಲಿಲ್ಲ. ಆದರೂ ನಿಮ್ಮ ಅಮ್ಮ ಮರುದಿನ ಹೋಗಲಿಲ್ಲ. ಅರ್ಧ ಬಂದಿದೆಯಲ್ಲ, ಅದು ಮುಗಿಯಲಿ ಎಂದಳು. ನಾಲ್ಕು ಸೀರೆಗಳನ್ನೂ ಅವಳೇ ನೇಯ್ದಳು, ನನ್ನನ್ನು ಗುಂಡಿಗೆ ಇಳಿಯಲು ಬಿಡಲಿಲ್ಲ. ಬೇಗ ನೇಯಬಲ್ಲವಳು ನಿಧಾನವಾಗಿ ನೇಯ್ದಳು. ಸಾಹುಕಾರರು ಸೀರೆ ತೆಗೆದುಕೊಂಡರು, ನೂಲು ಕೊಡಲಿಲ್ಲ.

ಸೀರೆ ಕೊಟ್ಟ ಮೇಲಿನ ಸೋಮವಾರ ಅವಳು ಎದುರುಮನೆಯವಳ ಪಕ್ಕದಲ್ಲಿ ಕೂತು ವ್ಯಾನಿನಲ್ಲಿ ಹೋದಳು. ನಾನು ದಿನವಿಡೀ ಮಗ್ಗದ ದೂಳು ಒರೆಸಿದೆ. ಸಂಜೆ ರೆಕ್ಕೆಯ ನೆರಳು ಗೋಡೆಯ ಮೇಲೆ ಹಾಯುವ ಹೊತ್ತಿಗೆ ವ್ಯಾನು ನಿಂತ ಸದ್ದು ಕೇಳಿಸಿತು. ಏನು ಕೆಲಸ ಕೊಟ್ಟರು ಎಂದು ಜಗಲಿಯಿಂದಲೇ ಕೇಳಿದೆ. ಹೊಸಬರಿಗೆಲ್ಲ ಒಂದೇ ಕೆಲಸವಂತೆ, ಹೊಲಿದ ಬನಿಯನ್ನುಗಳಲ್ಲಿ ಉಳಿದ ನೂಲಿನ ತುದಿಗಳನ್ನು ಕತ್ತರಿಸುವುದು. ಅವಳ ಕೊರಳಲ್ಲಿ ದಾರಕ್ಕೆ ಕಟ್ಟಿದ ಸಣ್ಣ ಕತ್ತರಿ ನೇತಾಡುತ್ತಿತ್ತು, ಬಿಚ್ಚಲು ಮರೆತು ಬಂದಿದ್ದಳು. ಹೊಸಿಲ ಹತ್ತಿರ ಬಂದಾಗ ಅವಳಿಗೆ ಅದು ಕಂಡಿತು. ನನ್ನ ಮುಖ ನೋಡಿದಳು. ಆಮೇಲೆ ಅದನ್ನು ಕೊರಳಿನಿಂದ ತೆಗೆದು, ಹೊರಗಿನ ಗೋಡೆಯ ದೀಪದ ಗೂಡಿನಲ್ಲಿಟ್ಟು, ಮಗ್ಗವಿದ್ದ ಮನೆಯೊಳಗೆ ಬಂದಳು.